ಹಲಗೆ ಒರೆಸುವವರು ಯಾರು? ಹೈಸ್ಕೂಲು ಮಕ್ಕಳಿಗೆ ಕೆಲಸ ಹಂಚುವ ಬಗೆ

ಜೂನ್ ಮೊದಲ ವಾರ ನಮ್ಮ ಕರಾವಳಿಯ ಬಹಳಷ್ಟು ಹೈಸ್ಕೂಲುಗಳ ಗೋಡೆಯ ಮೇಲೆ ಹೊಸ ಚಾರ್ಟೊಂದು ಏರುತ್ತದೆ: ಸ್ವಚ್ಛತಾ ಮಂತ್ರಿ, ಆರೋಗ್ಯ ಮಂತ್ರಿ, ನೀರಾವರಿ ಮಂತ್ರಿ. ಆಷಾಢದ ಮಳೆ ಹಿಡಿಯುವ ಹೊತ್ತಿಗೆ ಆ ಚಾರ್ಟು ತೇವಕ್ಕೆ ಸುರುಳಿ ಸುತ್ತಿರುತ್ತದೆ, ಮಂತ್ರಿಗಳೆಲ್ಲ ಬೆಂಚಿನಲ್ಲಿ ಆರಾಮಾಗಿ ಕುಳಿತಿರುತ್ತಾರೆ, ಪಾಠಕ್ಕೆ ಬಂದ ಅಕ್ಕೋರೇ ಹಲಗೆ ಒರೆಸುತ್ತಿರುತ್ತಾರೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ನಾವು ಅವರಿಗೆ ಹುದ್ದೆ ಕೊಟ್ಟು ಕೆಲಸ ಹೇಳಲು ಮರೆತಿರುತ್ತೇವೆ.

ಮೊದಲು ಪಟ್ಟಿ. ಒಂದು ವಾರ ತರಗತಿಯಲ್ಲಿ ನೀವೇ ಮಾಡುತ್ತಿರುವ, ಹದಿನಾಲ್ಕು ವರ್ಷದವರು ಮಾಡಬಹುದಾದ ಕೆಲಸಗಳನ್ನೆಲ್ಲ ಬರೆದಿಡಿ. ಹಲಗೆ, ಫ್ಯಾನು ಮತ್ತು ಕಿಟಕಿ, ನೋಟ್‌ಬುಕ್ ಒಟ್ಟುಮಾಡುವುದು, ಓದುವ ಮೂಲೆಯ ಪುಸ್ತಕ, ಪ್ರಾರ್ಥನೆಯ ವಾರ್ತಾವಾಚನ, ಗೈರಾದವರಿಗೆ ಟಿಪ್ಪಣಿ ತೆಗೆದಿಡುವುದು. ಮಳೆಗಾಲದಲ್ಲಿ ಬಾಗಿಲ ಬಳಿಯ ಕೆಲಸ ಬೇರೆಯೇ ಇರಲಿ. ಛತ್ರಿಗಳಿಗೊಂದು ಜಾಗ, ಕೆಂಪು ಮಣ್ಣಿನ ಕಾಲು ಒರೆಸಲೊಂದು ಗೋಣಿಚೀಲ ಇಲ್ಲದಿದ್ದರೆ ಎರಡನೇ ಅವಧಿಗೇ ನೆಲ ಗದ್ದೆಯಾಗುತ್ತದೆ.

ಮೂರು ಕೆಲಸಗಳು ಈ ಪಟ್ಟಿಗೆ ಬರಲೇಕೂಡದು. ಶೌಚಾಲಯ ತೊಳೆಯುವುದು ಒಂದು. ಮಕ್ಕಳಿಂದ ಅದನ್ನು ಮಾಡಿಸಬಾರದೆಂದು ಶಿಕ್ಷಣ ಇಲಾಖೆಯೇ ಹೇಳಿದೆ. ಬಿಸಿಯೂಟದ ಕುದಿಯುವ ಸಾಂಬಾರಿನ ಪಾತ್ರೆ ಹೊರುವುದು ಎರಡನೆಯದು. ಮೂರನೆಯದು ಎಲ್ಲರಿಗೂ ಅಚ್ಚುಮೆಚ್ಚು: ಗಲಾಟೆ ಮಾಡಿದವರ ಹೆಸರು ಬರೆಯುವ ಮಾನಿಟರ್. ಹೆಸರು ಅಳಿಸಲು ಪೇರಲೆಹಣ್ಣು, ಹೊಸ ಪೆನ್ನು ಕೈ ಬದಲಾಗುತ್ತವೆ, ವರ್ಷಪೂರ್ತಿ ದ್ವೇಷ ಉಳಿಯುತ್ತದೆ. ಗಲಾಟೆ ನಿಲ್ಲಿಸುವುದು ಮಾಸ್ತರರ ಕೆಲಸ.

ನಂತರ ಚೀಟಿ. ಪ್ರತಿಯೊಬ್ಬರೂ ಇಷ್ಟದ ಎರಡು ಕೆಲಸ ಮತ್ತು ಊರಿಗೆ ಹೋಗುವ ಬಸ್ಸಿನ ಸಮಯ ಬರೆದು ಕೊಡಲಿ. ಕದ್ರಾ ಕಡೆಯಿಂದ ಕಾರವಾರಕ್ಕೆ ಬರುವವರಿಗೆ ಸಂಜೆ ಕಿಟಕಿ ಮುಚ್ಚುವ ಕೆಲಸ ಕೊಟ್ಟರೆ ಅದು ನಡೆಯುವುದಿಲ್ಲ. ಕಸಬರಿಗೆ ಹುಡುಗಿಯರಿಗೆ, ಬೆಂಚು ಎತ್ತುವುದು ಹುಡುಗರಿಗೆ ಎಂಬ ಹಂಚಿಕೆಯಂತೂ ಬೇಡವೇ ಬೇಡ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. 'ಹಲಗೆ ಸ್ವಚ್ಛವಾಗಿಡು' ಎಂದರೆ ಒಬ್ಬನಿಗೆ ದಿನಕ್ಕೊಮ್ಮೆ, ಇನ್ನೊಬ್ಬಳಿಗೆ ಅವಧಿಗೊಮ್ಮೆ. ಆದ್ದರಿಂದ ಪ್ರತಿ ಕೆಲಸಕ್ಕೂ ಅಂಗೈಯಗಲದ ರಟ್ಟಿನ ಕಾರ್ಡು ಮಾಡಿ, ಕೆಲಸ ಮುಗಿದಾಗ ಕಣ್ಣಿಗೆ ಏನು ಕಾಣಬೇಕೋ ಅಷ್ಟನ್ನೇ ಬರೆಯಿರಿ. ಹಲಗೆಯ ಕಾರ್ಡು ಹೀಗಿರಲಿ: 'ಅವಧಿಯ ಗಂಟೆಯಾದ ಕೂಡಲೇ ಒರೆಸಿರಬೇಕು. ಎಡತುದಿಯ ದಿನಾಂಕ, ಹಾಜರಿ ಸಂಖ್ಯೆ ಉಳಿದಿರಬೇಕು. 'ಒರೆಸಬೇಡಿ' ಎಂದಿದ್ದರೆ ಮುಟ್ಟಬಾರದು. ಡಸ್ಟರ್ ವರಾಂಡದಾಚೆ ಕೊಡವಿರಬೇಕು, ಗೋಡೆಗೆ ಬಡಿಯಬಾರದು. ಸೀಮೆಸುಣ್ಣದ ಡಬ್ಬಿಯ ಮುಚ್ಚಳ ಬಿಗಿಯಾಗಿರಬೇಕು.' ಕೊನೆಯ ಸಾಲನ್ನು ಬಿಡಬೇಡಿ. ನಮ್ಮ ಜುಲೈ ಹವೆಗೆ ತೆರೆದಿಟ್ಟ ಸೀಮೆಸುಣ್ಣ ಮೆತ್ತಗಾಗುತ್ತದೆ, ಹಲಗೆಯ ಮೇಲೆ ಅಕ್ಷರವೇ ಮೂಡುವುದಿಲ್ಲ.

ಡಸ್ಟರಿನ ಮಾತು ಬಂದದ್ದರಿಂದ ಹೇಳುತ್ತೇನೆ, ಸ್ಪಂಜಿನ ಅಗ್ಗದ ಡಸ್ಟರ್ ಕೊಳ್ಳಬೇಡಿ. ತೇವ ಹೀರಿಕೊಂಡು ಹಲಗೆಗೆ ಸುಣ್ಣ ಬಳಿದಂತೆ ಮಾಡುತ್ತದೆ. ಹಳೆಯ ಹತ್ತಿ ಪಂಚೆಯ ಮಡಿಸಿದ ತುಂಡು ಸಾಕು.

ಕಾರ್ಡನ್ನು ಕೈಗಿತ್ತು ಕಳುಹಿಸಬೇಡಿ. ಮೊದಲ ದಿನ ನಿಮ್ಮೆದುರೇ ಒಮ್ಮೆ ಮಾಡಲಿ. 'ಇದರಲ್ಲಿ ಯಾವ ಸಾಲು ಆಗದ ಮಾತು?' ಎಂದು ಕೇಳಿ, ಅವರು ಹೇಳಿದ್ದು ಸರಿಯಾಗಿದ್ದರೆ ಅವರ ಕೈಯಿಂದಲೇ ತಿದ್ದಿಸಿ. ತಾವೇ ತಿದ್ದಿದ ಕಾರ್ಡಿನ ಮುಂದೆ ಹೈಸ್ಕೂಲು ಮಕ್ಕಳು ನೆಪ ಹೇಳುವುದು ಕಡಿಮೆ.

ಇನ್ನು ಸರದಿ. ವಾರಕ್ಕೊಮ್ಮೆ ಬದಲಿಸುವವರು ಕಲಿತ ಕೈಯನ್ನು ಕಲಿತ ಕೂಡಲೇ ಕಳುಹಿಸುತ್ತಾರೆ. ಒಂದು ಕೆಲಸಕ್ಕೆ ಇಬ್ಬರು, ತಲಾ ನಾಲ್ಕು ವಾರ. ಆದರೆ ಇಬ್ಬರೂ ಒಟ್ಟಿಗೆ ಬದಲಾಗಬಾರದು. ಎರಡು ವಾರಕ್ಕೊಮ್ಮೆ ಹಳಬರೊಬ್ಬರು ಇಳಿದು ಹೊಸಬರೊಬ್ಬರು ಸೇರಲಿ, ಉಳಿದವರು ಕಲಿಸಿಕೊಡಲಿ. ಇದಕ್ಕಾಗಿ ಮೊದಲ ಜೋಡಿಯಲ್ಲಿ ಒಬ್ಬರು ಎರಡೇ ವಾರಕ್ಕೆ ಇಳಿಯಬೇಕು. ನಲವತ್ತು ಮಕ್ಕಳು, ಹತ್ತು ಕೆಲಸ ಇದ್ದರೆ ಐದನೇ ವಾರಕ್ಕೆ ಎಲ್ಲರ ಕೈಗೂ ಕೆಲಸ ಬಂದಿರುತ್ತದೆ. ಮಳೆಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಒರೆಸದ ಹಲಗೆ ಕಂಡಾಗ ಡಸ್ಟರ್ ಎತ್ತಿಕೊಳ್ಳಬೇಡಿ, ಹೆಸರು ಕೂಗಬೇಡಿ. ಪುಸ್ತಕ ಮುಚ್ಚಿ ಸುಮ್ಮನೆ ನಿಲ್ಲಿ. ಅರ್ಧ ನಿಮಿಷದಲ್ಲಿ ಹಿಂದಿನ ಬೆಂಚಿನಿಂದ ಯಾರೋ ಯಾರನ್ನೋ ತಿವಿಯುತ್ತಾರೆ. ಮತ್ತೆ ಮತ್ತೆ ಹಾಗೆಯೇ ಆದರೆ ವರಾಂಡದಲ್ಲಿ ಒಬ್ಬರನ್ನೇ ಕರೆದು ಕೇಳಿ. ಕಾರಣ ಬಹುತೇಕ ಬಸ್ಸು ಇಲ್ಲವೇ ಜೋಡಿಯೊಂದಿಗಿನ ಜಗಳ. ನಕ್ಷತ್ರದ ಸ್ಟಿಕ್ಕರ್ ಅಂಟಿಸುವ ಅಡ್ಡದಾರಿ ಬೇಡ, ಒಂಬತ್ತನೇ ತರಗತಿಯವರಿಗೆ ಅದು ಅವಮಾನ. ಆಂತರಿಕ ಅಂಕದ ಆಸೆ ತೋರಿಸುವುದಂತೂ ಅನ್ಯಾಯ.

ಶನಿವಾರ ಶಾಲೆ ಬಿಡುವ ಮುನ್ನ ಐದು ನಿಮಿಷ ಕಾರ್ಡು ಹಿಡಿದು ಜೋಡಿಗಳೇ ಪರಸ್ಪರ ನೋಡಿಕೊಳ್ಳಲಿ. ಹತ್ತನೆಯವರಿಗೆ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ ಹತ್ತಿರವಾದಾಗ ಎಲ್ಲ ಕೆಲಸ ಕಿತ್ತುಕೊಳ್ಳಬೇಡಿ. ಶಾಲೆಯ ಹೊತ್ತಿನಲ್ಲೇ ಮುಗಿಯುವಂಥದ್ದನ್ನು ಉಳಿಸಿ. ಬೇಸಿಗೆ ರಜೆಗೆ ಮೊದಲು ಕಾರ್ಡುಗಳನ್ನು ಕಪಾಟಿನ ಮೇಲಿನ ಅರೆಯಲ್ಲಿಡಿ, ಕೆಳಗಿನ ಅರೆಯಲ್ಲಿ ಗೆದ್ದಲು ಹಿಡಿಯುತ್ತದೆ.