ರ‍್ಯಾಮ್ ಹಾಕಬೇಕೇ? ಬಿಚ್ಚುವ ಮೊದಲೇ ಅರ್ಧ ಕೆಲಸ ಮುಗಿಸಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಕಾಲೇಜಿಗೆ ಹೋಗುವ ಎಷ್ಟೋ ಮಕ್ಕಳ ಬ್ಯಾಗಿನಲ್ಲಿ ಅಣ್ಣನೋ ಅಕ್ಕನೋ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಇರುತ್ತದೆ. ಅದರಲ್ಲಿ 4 ಜಿಬಿ ರ‍್ಯಾಮ್. ರ‍್ಯಾಮ್ ಅಂದರೆ ತೆರೆದ ಕೆಲಸಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ. ವಿಂಡೋಸ್ 11 ಕೇಳುವುದೂ ಕನಿಷ್ಠ ಅಷ್ಟೇ. ಕನಿಷ್ಠ ಅಂದರೆ ಆನ್ ಆಗಲು ಸಾಕು. ಬ್ರೌಸರ್ ಜೊತೆಗೆ ಕೋಡಿಂಗ್ ಸಾಫ್ಟ್‌ವೇರನ್ನೂ ತೆರೆದರೆ ಏದುಸಿರು ಶುರು.

ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ಭಾಗದಲ್ಲಿ ಮೆಮೊರಿ ನೋಡಿ. ದಿನದ ಕೆಲಸ ಮಾಡುವಾಗಲೂ ಮೆಮೊರಿ ಅರ್ಧ ತುಂಬಿಲ್ಲ, ಆದರೆ ಡಿಸ್ಕ್ ಮಾತ್ರ ಶೇ 100 ತೋರಿಸುತ್ತಿದೆಯೇ? ಹಾಗಿದ್ದರೆ ರ‍್ಯಾಮ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ, ಅದೇ ಜಾಸ್ತಿ ಉಪಯೋಗ.

ಅಲ್ಲೇ ಕೆಳಗೆ ರ‍್ಯಾಮ್ ಕೂರಿಸುವ ಸ್ಲಾಟ್ ಎಷ್ಟು ಬಳಕೆಯಲ್ಲಿವೆ ಎಂದೂ ಇರುತ್ತದೆ. ಎರಡರಲ್ಲಿ ಒಂದು ಖಾಲಿ ಇದ್ದರೆ ಅದೃಷ್ಟ. ಫಾರ್ಮ್ ಫ್ಯಾಕ್ಟರ್ ಎದುರು 'ರೋ ಆಫ್ ಚಿಪ್ಸ್' ಎಂದಿದ್ದರೆ ರ‍್ಯಾಮ್ ಮದರ್‌ಬೋರ್ಡಿಗೇ ಬೆಸುಗೆಯಾಗಿರಬಹುದು. ಮಾಡೆಲ್ ನಂಬರ್ ಹಾಕಿ ಕಂಪನಿಯ ಮ್ಯಾನ್ಯುಯಲ್ ನೋಡಿ ಖಚಿತಪಡಿಸಿಕೊಳ್ಳಿ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಇದು ಮಾಮೂಲು. 2020ರಿಂದ ಬಂದ ಎಂ ಸರಣಿಯ ಮ್ಯಾಕ್‌ಬುಕ್‌ಗಳಲ್ಲಂತೂ ರ‍್ಯಾಮ್ ಹೆಚ್ಚಿಸುವ ಮಾತೇ ಇಲ್ಲ.

ರ‍್ಯಾಮ್‌ನಲ್ಲಿ ಡಿಡಿಆರ್3, 4, 5 ಎಂಬ ತಲೆಮಾರುಗಳಿವೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕೆಳಗಂಚಿನ ಕಚ್ಚು ಒಂದೊಂದರಲ್ಲಿ ಒಂದೊಂದು ಕಡೆ ಇರುತ್ತದೆ. ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ತರೋಣ ಎಂದು ಬೆಂಗಳೂರಿನ ರೈಲು ಹತ್ತುವವರು ಹಳೆಯ ರ‍್ಯಾಮ್ ಮೇಲಿನ ಸ್ಟಿಕ್ಕರಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ತಪ್ಪು ತಂದರೆ ಮತ್ತೆ 70 ಕಿ.ಮೀ. ಹೋಗಬೇಕಲ್ವಾ! ಬೇರೆ ಬೇರೆ ವೇಗದ ಎರಡನ್ನು ಹಾಕಿದರೆ ಸಾಮಾನ್ಯವಾಗಿ ಎರಡೂ ನಿಧಾನದ್ದರ ವೇಗದಲ್ಲೇ ಓಡುತ್ತವೆ.

ಇನ್ನು ಬಿಚ್ಚುವ ಕೆಲಸ. ವಾರಂಟಿ ಇದ್ದರೆ ಸರ್ವಿಸ್ ಸೆಂಟರ್‌ನಲ್ಲಿ ಕೇಳಿಯೇ ಮುಟ್ಟಿ. ಸ್ಲೀಪ್ ಸಾಲದು, ಪೂರ್ತಿ ಶಟ್‌ಡೌನ್ ಮಾಡಿ ಚಾರ್ಜರ್ ತೆಗೆಯಿರಿ. ಹಾಸಿಗೆ ಮೇಲೆ ಬೇಡ, ಮೇಜಿನ ಮೇಲೆ ಬಟ್ಟೆ ಹಾಸಿ ಮಗುಚಿ ಇಡಿ. ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಬೇಕು. ಕೆಲವು ಸ್ಕ್ರೂ ರಬ್ಬರ್ ಪಾದದ ಕೆಳಗೆ ಅಡಗಿರುತ್ತವೆ. ಎಲ್ಲವೂ ಒಂದೇ ಉದ್ದ ಇರುವುದಿಲ್ಲ. ಉದ್ದನೆಯದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಮೇಲ್ಭಾಗವೇ ಉಬ್ಬಿ ಒಡೆದೀತು. ಹಾಗಾಗಿ ಹಾಳೆಯಲ್ಲಿ ಲ್ಯಾಪ್‌ಟಾಪಿನ ಚಿತ್ರ ಬರೆದು, ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಅವಧಿ ಮುಗಿದ ಎಟಿಎಂ ಕಾರ್ಡನ್ನು ಅಂಚಿನಲ್ಲಿ ತೂರಿಸಿ ಮೆಲ್ಲಗೆ ಜಾರಿಸಿದರೆ ಕ್ಲಿಪ್‌ಗಳು ಟಕ್ ಟಕ್ ಎಂದು ಬಿಡುತ್ತವೆ. ಚಾಕು ಬೇಡವೇ ಬೇಡ.

ಬ್ಯಾಟರಿ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ ರಿಪೇರಿಯವರ ಹತ್ತಿರ ಒಯ್ಯಿರಿ. ಸರಿಯಾಗಿದ್ದರೆ ಅದರ ಕನೆಕ್ಟರ್ ತೆಗೆಯಿರಿ, ವೈರ್ ಹಿಡಿದು ಎಳೆಯಬೇಡಿ. ಆಮೇಲೆ ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟು ಹೋಗುತ್ತದೆ. ಒಣ ಹವೆಯಲ್ಲಿ ಮೈಯಲ್ಲಿ ಸ್ಟ್ಯಾಟಿಕ್ ಕರೆಂಟ್ ಸೇರುತ್ತದೆ, ಅದಕ್ಕೇ ರ‍್ಯಾಮ್ ಮುಟ್ಟುವ ಮೊದಲು ಬಣ್ಣ ಬಳಿಯದ ಲೋಹ ಯಾವುದಾದರೂ ಮುಟ್ಟಿ.

ಇಕ್ಕೆಲದ ಕ್ಲಿಪ್ ಹೊರಕ್ಕೆ ತಳ್ಳಿದರೆ ಹಳೆಯ ರ‍್ಯಾಮ್ ತಾನೇ ಮೇಲೇಳುತ್ತದೆ. ಹೊಸದರ ಅಂಚು ಹಿಡಿದು, ಕಚ್ಚು ಹೊಂದಿಸಿ, ಸುಮಾರು 30 ಡಿಗ್ರಿ ಓರೆಯಾಗಿ ಒಳಕ್ಕೆ ತಳ್ಳಿ. ಚಿನ್ನದ ಬಣ್ಣದ ಗೆರೆ ಹೆಚ್ಚುಕಡಿಮೆ ಮರೆಯಾಗಬೇಕು. ಆಮೇಲೆ ಕೆಳಕ್ಕೆ ಒತ್ತಿದರೆ ಕ್ಲಿಪ್ ಕೂರುತ್ತದೆ.

ಬ್ಯಾಟರಿ ಜೋಡಿಸಿ, ಮುಚ್ಚಿ ಆನ್ ಮಾಡಿ. ಮೊದಲ ಸಲ, ಅದರಲ್ಲೂ ಡಿಡಿಆರ್5 ಇದ್ದರೆ, ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇರಬಹುದು. ಗಾಬರಿಯಾಗಿ ಆಫ್ ಮಾಡಬೇಡಿ. ಕೆಲವು ನಿಮಿಷವಾದರೂ ಏನೂ ಬರದಿದ್ದರೆ ಮತ್ತೆ ಬಿಚ್ಚಿ, ಬ್ಯಾಟರಿ ತೆಗೆದು, ರ‍್ಯಾಮ್ ಸರಿಯಾಗಿ ಕೂರಿಸಿ. ಆಗಲೂ ಆಗಲಿಲ್ಲವೇ? ಹಳೆಯದೊಂದನ್ನೇ ಹಾಕಿ ನೋಡಿ. ಅದರಲ್ಲಿ ಆನ್ ಆದರೆ ಹೊಸದು ಕೆಟ್ಟದ್ದು, ಇಲ್ಲವೇ ನಿಮ್ಮ ಲ್ಯಾಪ್‌ಟಾಪಿಗೆ ಹೊಂದದ್ದು. ಬಿಲ್ ಹಿಡಿದು ಅಂಗಡಿಗೆ ಹೋಗಿ.