ಹಳೆಯ ವಿನ್‌ಫಾರ್ಮ್ಸ್ ಬಿಲ್ಲಿಂಗ್ ತಂತ್ರಾಂಶವನ್ನು ಡಾಟ್‌ನೆಟ್ 8ಕ್ಕೆ ತಂದದ್ದು: ಎಲ್ಲಿ ಮುರಿಯಿತು, ಹೇಗೆ ಹುಡುಕಿದೆ

ಡಾಟ್‌ನೆಟ್ ಫ್ರೇಮ್‌ವರ್ಕ್ 4.6ರಲ್ಲಿ ಸಿ ಶಾರ್ಪ್‌ನಿಂದ ಬರೆದಿದ್ದ, ಕನ್ನಡದಲ್ಲಿ ಬಿಲ್ ಮುದ್ರಿಸುವ ಅಂಗಡಿ ತಂತ್ರಾಂಶವೊಂದನ್ನು ಡಾಟ್‌ನೆಟ್ 8ಕ್ಕೆ ತಂದಾಗ ಇಟ್ಟುಕೊಂಡ ಟಿಪ್ಪಣಿಗಳಿವು. ಡಾಟ್‌ನೆಟ್ ಎಂದರೆ ತಂತ್ರಾಂಶಗಳು ಓಡುವ ಮೈಕ್ರೋಸಾಫ್ಟ್‌ನ ವೇದಿಕೆ, ಫ್ರೇಮ್‌ವರ್ಕ್ ಅದರ ಹಳೆಯ ಸಾಲು, 8 ಹೊಸ ಸಾಲಿನದು. ಪರದೆಗಳೆಲ್ಲ ವಿನ್‌ಫಾರ್ಮ್ಸ್ (ವಿಂಡೋಸ್ ಪರದೆ ಕಟ್ಟುವ ಅದರ ಭಾಗ), ಹಿಂದೆ ಒಂದು ಆಕ್ಸೆಸ್ ಡೇಟಾಬೇಸ್. ಬಿಲ್ಡ್ ಆಗುವಂತೆ, ಅಂದರೆ ಕೋಡ್‌ನಿಂದ ಓಡುವ ಪ್ರೋಗ್ರಾಂ ತಯಾರಾಗುವಂತೆ, ಮಾಡುವುದು ಸಣ್ಣ ಕೆಲಸ. ಎರರ್ ತೋರಿಸದೆಯೇ ತಪ್ಪು ಮಾಡುವ ಜಾಗಗಳನ್ನು ಹುಡುಕುವುದು ದೊಡ್ಡ ಕೆಲಸ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಅದಕ್ಕೇ.

ಮೊದಲು ತರಬೇಕೋ ಬೇಡವೋ ಎಂಬುದನ್ನು ನೋಡಿ. ಅಂಗಡಿಯ ಕಂಪ್ಯೂಟರ್‌ನಲ್ಲಿ ವಿಂಡೋಸ್ 7 ಇದ್ದರೆ ಕೈ ಹಚ್ಚಲೇ ಬೇಡಿ. ಡಾಟ್‌ನೆಟ್ 8ಕ್ಕೆ ವಿಂಡೋಸ್ 10ರ 1607 ಆವೃತ್ತಿಯಾದರೂ ಬೇಕು. ವಿಂಡೋಸ್ 7 ಎಸ್‌ಪಿ1 ಮೇಲೆ ಫ್ರೇಮ್‌ವರ್ಕ್ 4.8 ಚೆನ್ನಾಗಿಯೇ ಓಡುತ್ತದೆ, ಅದರಲ್ಲೇ ಇರಬಹುದು. ಇನ್ನು ಡಾಟ್‌ನೆಟ್ 8ರ ಬೆಂಬಲ 2026ರ ನವೆಂಬರ್‌ವರೆಗೆ ಮಾತ್ರ. ಹೊಸದಾಗಿ ಶುರು ಮಾಡುವವರು ನೇರವಾಗಿ 10ಕ್ಕೆ ಹೋಗುವುದು ವಾಸಿ. ಇಲ್ಲಿ ಹೇಳಿರುವ ತೊಡಕುಗಳು ಅಲ್ಲೂ ಇದ್ದೇ ಇರುತ್ತವೆ.

ಪ್ರಾಜೆಕ್ಟ್ ಫೈಲನ್ನು ನಾನು ಕೈಯಲ್ಲೇ ಹೊಸದಾಗಿ ಬರೆದೆ. ನೂರಾರು ಸಾಲಿನ ಹಳೆಯ ಫೈಲ್ ಹತ್ತು ಸಾಲಿಗೆ ಇಳಿಯುತ್ತದೆ. ಆದರೆ ಹೊಸ ರೀತಿಯಲ್ಲಿ ಫೋಲ್ಡರ್‌ನಲ್ಲಿರುವ ಎಲ್ಲ ಸಿ ಶಾರ್ಪ್ ಫೈಲುಗಳೂ ತಾವಾಗಿಯೇ ಸೇರಿಕೊಳ್ಳುತ್ತವೆ. ಹಿಂದೆ ಯಾರೋ ಪ್ರಾಜೆಕ್ಟ್‌ನಿಂದ ತೆಗೆದು, ಡಿಸ್ಕ್‌ನಲ್ಲಿ ಹಾಗೇ ಬಿಟ್ಟ ‘ಬಿಲ್ ಹಳೇದು 2’ ಥರದ ಫೈಲುಗಳು ಆಗ ಎದ್ದು ಕೂರುತ್ತವೆ. ಸಿಎಸ್0579 ಎಂಬ ಎರರ್ ಬಂದರೆ, ಹಳೆಯ ಅಸೆಂಬ್ಲಿಇನ್ಫೋ ಫೈಲ್‌ನಲ್ಲಿರುವ (ಪ್ರೋಗ್ರಾಂನ ಹೆಸರು, ಆವೃತ್ತಿಯಂಥ) ವಿವರಗಳನ್ನೇ ಬಿಲ್ಡ್ ಇನ್ನೊಮ್ಮೆ ತಯಾರಿಸುತ್ತಿದೆ ಎಂದು ಅರ್ಥ. ಆ ಫೈಲನ್ನು ಅಳಿಸಿದರೆ ಸಾಕು.

ಫಾರಂಗಳೆಲ್ಲ ಸ್ವಲ್ಪ ಊದಿಕೊಂಡು, ಬಲಗಡೆಯ ಬಟನ್‌ಗಳು ಅಂಚು ದಾಟಿದ್ದವು. ಡೀಫಾಲ್ಟ್ ಫಾಂಟ್ ಬದಲಾದದ್ದೇ ಕಾರಣ. ಹಿಂದೆ ಮೈಕ್ರೋಸಾಫ್ಟ್ ಸಾನ್ಸ್ ಸೆರಿಫ್ 8.25 ಪಾಯಿಂಟ್ ಇತ್ತು, ಈಗ ಸೆಗೋ ಯುಐ 9 ಪಾಯಿಂಟ್. ಪ್ರಾಜೆಕ್ಟ್ ಫೈಲ್‌ನಲ್ಲಿ ‘ಅಪ್ಲಿಕೇಶನ್ ಡೀಫಾಲ್ಟ್ ಫಾಂಟ್’ ಗುಣವನ್ನು ಹಳೆಯದಕ್ಕೇ ಕಟ್ಟಿಹಾಕಿ ಮುಂದೆ ಹೋದೆ. ಪರದೆಗಳನ್ನು ಸುಂದರಗೊಳಿಸುವ ಕೆಲಸವನ್ನು ಇದರ ಜೊತೆ ಬೆರೆಸಬೇಡಿ, ಯಾವುದರಿಂದ ಏನು ಮುರಿಯಿತೆಂದು ಆಮೇಲೆ ಗೊತ್ತೇ ಆಗುವುದಿಲ್ಲ.

ಅಕ್ಷರಗಳ ವಿಷಯ ದೊಡ್ಡದು. ಕನ್ನಡ ಕೆಟ್ಟು ಕಂಡಾಗ ಕೋಡ್ ತೆರೆಯುವ ಮೊದಲು, ಅದು ಹೇಗೆ ಕೆಟ್ಟಿದೆ ಎಂದು ಪರದೆಯನ್ನೇ ದಿಟ್ಟಿಸಿ ನೋಡಬೇಕು. ಖಾಲಿ ಚೌಕಗಳು ಕಂಡರೆ ದತ್ತಾಂಶ ಸರಿಯಾಗಿದೆ, ಫಾಂಟ್ ಇಲ್ಲ. ಪ್ರಶ್ನೆ ಚಿಹ್ನೆಗಳ ಸಾಲು ಕಂಡರೆ ಬರೆಯುವಾಗಲೇ ಅಕ್ಷರ ಸತ್ತಿದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕಾಲಂ ಯುನಿಕೋಡ್ ಹಿಡಿಯುವ ಎನ್‌ವಾರ್‌ಚಾರ್ ಬದಲು ವಾರ್‌ಚಾರ್ ಆಗಿದ್ದರೆ, ಇಲ್ಲವೇ ಪಠ್ಯದ ಉದ್ಧರಣೆ ಚಿಹ್ನೆಯ ಮುಂದೆ ಎನ್ ಅಕ್ಷರ ಬಿಟ್ಟಿದ್ದರೆ ಹೀಗಾಗುತ್ತದೆ. ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಇದ್ದರೆ ಓದುವಾಗ ಎನ್‌ಕೋಡಿಂಗ್, ಅಂದರೆ ಬೈಟ್‌ಗಳನ್ನು ಅಕ್ಷರವಾಗಿಸುವ ಪದ್ಧತಿ, ತಪ್ಪಾಗಿದೆ. ಒಂದೊಂದು ಕನ್ನಡ ಅಕ್ಷರಕ್ಕೆ ಮೂರು ಮೂರು ಲ್ಯಾಟಿನ್ ಚಿಹ್ನೆ ಬಂದು, ಪ್ರತಿ ಮೂರರಲ್ಲಿ ಮೊದಲನೆಯದು ತಲೆಯ ಮೇಲೆ ಓರೆಗೀಟಿರುವ ಇಂಗ್ಲಿಷ್ ಎ ಆಗಿದ್ದರೆ ಯುಟಿಎಫ್-8 (ಯುನಿಕೋಡ್‌ನ ಪದ್ಧತಿ) ಫೈಲನ್ನು 1252 (ಲ್ಯಾಟಿನ್ ಲಿಪಿಯ ಹಳೆಯ ವಿಂಡೋಸ್ ಪದ್ಧತಿ) ಎಂದು ಓದಲಾಗಿದೆ. ಇದನ್ನು ಸರಿಪಡಿಸಬಹುದು. ಪ್ರಶ್ನೆ ಚಿಹ್ನೆಯಾದದ್ದನ್ನು ಮಾತ್ರ ಯಾವ ಕೋಡೂ ವಾಪಸ್ ತರಲಾರದು, ಬ್ಯಾಕಪ್ ಹುಡುಕುವುದೇ ದಾರಿ.

ನನ್ನ ಪ್ರೋಗ್ರಾಂನಲ್ಲಿ ಸಾಮಾನಿನ ಪಟ್ಟಿ ನುಡಿ, ಬರಹ ಮಾದರಿಯ ಹಳೆಯ ಆನ್ಸಿ (ಯುನಿಕೋಡ್‌ಗೆ ಮುಂಚಿನ) ಫಾಂಟಿನಲ್ಲಿತ್ತು. ಅಂದರೆ ಫೈಲ್‌ನಲ್ಲಿರುವುದು ಲ್ಯಾಟಿನ್ ಸಂಕೇತಗಳು, ಕನ್ನಡದ ವೇಷ ಹಾಕುವುದು ಫಾಂಟ್. ಹಳೆಯ ಕೋಡ್ ಅದನ್ನು ‘ಎನ್‌ಕೋಡಿಂಗ್.ಡೀಫಾಲ್ಟ್’ ಬಳಸಿ ಓದುತ್ತಿತ್ತು. ಫ್ರೇಮ್‌ವರ್ಕ್‌ನಲ್ಲಿ ಅದಕ್ಕೆ ಆ ವಿಂಡೋಸ್‌ನ ಆನ್ಸಿ ಕೋಡ್‌ಪೇಜ್ ಎಂದರ್ಥ, ಸಾಮಾನ್ಯವಾಗಿ 1252. ಹೊಸ ಡಾಟ್‌ನೆಟ್‌ನಲ್ಲಿ ಅದೇ ಹೆಸರಿಗೆ ಯುಟಿಎಫ್-8 ಎಂದರ್ಥ. ಹೆಸರು ಬದಲಾಗಿಲ್ಲ, ಎಚ್ಚರಿಕೆ ಬರುವುದಿಲ್ಲ, ಎಕ್ಸೆಪ್ಶನ್ (ಓಡುವಾಗ ಏಳುವ ದೋಷ) ಇಲ್ಲ. 127ಕ್ಕಿಂತ ಮೇಲಿನ ಬೈಟ್‌ಗಳು ಬಹುತೇಕ ಎಲ್ಲ ವಜ್ರದ ಚಿಹ್ನೆಯಾಗುತ್ತವೆ. ಬಳಕೆದಾರರು ಒಮ್ಮೆ ‘ಉಳಿಸು’ ಒತ್ತಿದರೆ ಮುಗಿಯಿತು, ಮೂಲ ಫೈಲ್ ಹೋಯಿತು. ಹಾಗಾಗಿ ಮೊದಲ ಬಾರಿ ಓಡಿಸುವ ಮುನ್ನ ದತ್ತಾಂಶದ ಫೋಲ್ಡರ್‌ನಲ್ಲಿರುವ ಫೈಲುಗಳಿಗೆಲ್ಲ ರೀಡ್-ಓನ್ಲಿ ಗುರುತು ಹಾಕಿ.

ಪರಿಹಾರಕ್ಕೆ ಎರಡು ಸಾಲು. ಮೇನ್ (ಪ್ರೋಗ್ರಾಂ ಆರಂಭವಾಗುವ ಭಾಗ) ಶುರುವಾದ ಕೂಡಲೇ ಕೋಡ್‌ಪೇಜಸ್ ಎನ್‌ಕೋಡಿಂಗ್ ಪ್ರೊವೈಡರನ್ನು ರಿಜಿಸ್ಟರ್ ಮಾಡಬೇಕು, ಆಮೇಲೆ 1252 ಎಂದು ಸಂಖ್ಯೆ ಕೊಟ್ಟೇ ಎನ್‌ಕೋಡಿಂಗ್ ಪಡೆಯಬೇಕು. ರಿಜಿಸ್ಟರ್ ಮಾಡದೆ ಕೇಳಿದರೆ ‘ನಾಟ್ ಸಪೋರ್ಟೆಡ್’ ಎಕ್ಸೆಪ್ಶನ್ ಬರುತ್ತದೆ. ಅದು ಒಳ್ಳೆಯದೇ, ಕೂಗಿ ಹೇಳುವ ದೋಷ ಯಾವತ್ತೂ ವಾಸಿ.

ಆನ್ಸಿ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸುವಾಗ ಒಂದಕ್ಕೊಂದು ಬದಲಿಸುವ ಕೋಷ್ಟಕ ಸಾಲದು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲೇ ಬರಬೇಕು. ಅರ್ಕಾವತ್ತಿನ ಸಂಕೇತ ಸಿಕ್ಕಾಗ ಹಿಂದಿನ ಇಡೀ ಅಕ್ಷರ, ಒತ್ತು ಗುಣಿತ ಸಮೇತ, ದಾಟಿ ಹಿಂದಕ್ಕೆ ಹೋಗಿ ‘ರ್’ ಸೇರಿಸಬೇಕು. ಕೋಷ್ಟಕದಲ್ಲಿ ಉದ್ದದ ಜೋಡಣೆಗಳನ್ನು ಮೊದಲು ಬದಲಿಸಿ, ಚಿಕ್ಕವನ್ನು ಆಮೇಲೆ. ಪರೀಕ್ಷೆಗೆ ನಾನಿಟ್ಟುಕೊಂಡ ಪದಗಳು: ಅರ್ಧ, ಸೂರ್ಯಕಾಂತಿ, ಮಾರ್ಗೋಪಾಯ. ಈ ಮೂರೂ ಸರಿ ಬಂದರೆ ಬಹುಪಾಲು ಬಂದಂತೆ.

ಫಾಂಟಿನದೂ ಒಂದು ಮೌನ ಉಂಟು. ಇಲ್ಲದ ಫಾಂಟಿನ ಹೆಸರು ಕೊಟ್ಟರೆ ವಿನ್‌ಫಾರ್ಮ್ಸ್ ಎರರ್ ಕೊಡುವುದಿಲ್ಲ, ಸದ್ದಿಲ್ಲದೆ ಮೈಕ್ರೋಸಾಫ್ಟ್ ಸಾನ್ಸ್ ಸೆರಿಫ್ ಹಾಕಿಬಿಡುತ್ತದೆ. ಫಾಂಟ್ ತಯಾರಾದ ಮೇಲೆ ಅದರ ಹೆಸರನ್ನು ನಾವು ಕೇಳಿದ ಹೆಸರಿನೊಡನೆ ಹೋಲಿಸಿ, ಬೇರೆಯಾಗಿದ್ದರೆ ಲಾಗ್‌ನಲ್ಲಿ ಬರೆಯುವ ನಾಲ್ಕು ಸಾಲು ಸೇರಿಸಿದೆ. ತುಂಗಾ ಫಾಂಟ್ ವಿಂಡೋಸ್ 10ರಲ್ಲಿ ಐಚ್ಛಿಕ ಭಾಗವಾಗಿದೆ, ಎಲ್ಲ ಕಂಪ್ಯೂಟರ್‌ನಲ್ಲೂ ಇರುತ್ತದೆಂದು ನಂಬಬೇಡಿ. ನಿರ್ಮಲಾ ಯುಐ ಮೇಲೆ ಭರವಸೆ ಇಡಬಹುದು.

ಹುಡುಕು ಪೆಟ್ಟಿಗೆಯಲ್ಲಿ ‘ಕೋಲಾರ’ ಎಂದು ಹೊಡೆದರೆ ಅರ್ಧ ಗಿರಾಕಿಗಳು ಮಾತ್ರ ಸಿಗುತ್ತಿದ್ದರು. ಕಣ್ಣಿಗೆ ಒಂದೇ ಕಾಣುವ ‘ಕೋ’ವನ್ನು ಎರಡು ಬಗೆಯಲ್ಲಿ ಬರೆಯಬಹುದು: ಓತ್ವದ ಒಂದೇ ಸಂಕೇತವಾಗಿ, ಇಲ್ಲವೇ ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಬಿಡಿಬಿಡಿಯಾಗಿ. ಯಾವ ಕೀಲಿಮಣೆ, ಯಾವ ಪರಿವರ್ತಕ ಎನ್ನುವುದರ ಮೇಲೆ ಇದು ನಿಂತಿದೆ. ಜೊತೆಗೆ ‘ರಾಜ್‌ಕುಮಾರ್’ ಥರದ ಹೆಸರುಗಳ ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಒಂದು ಸಂಕೇತ ಕೂತಿರುತ್ತದೆ. ಡಾಟ್‌ನೆಟ್‌ನಲ್ಲಿ ‘ಕಂಟೇನ್ಸ್’ ಸಂಕೇತಕ್ಕೆ ಸಂಕೇತ ತಾಳೆ ನೋಡುತ್ತದೆ, ‘ಇಂಡೆಕ್ಸ್‌ಆಫ್’ ಭಾಷೆಯ ನಿಯಮ ನೋಡಿ ಹೋಲಿಸುತ್ತದೆ. ಆದ್ದರಿಂದ ಅದೇ ಎರಡು ಪದಗಳಿಗೆ ಒಂದು ‘ಇಲ್ಲ’ ಎನ್ನಬಹುದು, ಇನ್ನೊಂದು ‘ಇದೆ’ ಎನ್ನಬಹುದು. ನಾನು ಪ್ರತಿ ಹೆಸರಿನ ಪಕ್ಕ ಇನ್ನೊಂದು ಹುಡುಕು-ಕಾಲಂ ಇಟ್ಟೆ. ಅದರಲ್ಲಿ ನಾರ್ಮಲೈಸ್ ಮಾಡಿ (ಫಾರ್ಮ್ ಸಿ, ಅಂದರೆ ಬಿಡಿ ಸಂಕೇತಗಳನ್ನು ಒಂದಾಗಿಸಿ), ಶೂನ್ಯ ಅಗಲದ ಸಂಕೇತ ತೆಗೆದು ಉಳಿಸಿದೆ. ಹುಡುಕುವ ಪದಕ್ಕೂ ಅದೇ ಸಂಸ್ಕಾರ, ಹೋಲಿಕೆ ಯಾವಾಗಲೂ ಆರ್ಡಿನಲ್, ಅಂದರೆ ಸಂಕೇತಕ್ಕೆ ಸಂಕೇತ.

ಅಂಕಿಗಳದ್ದು ತಮಾಷೆ. ಬೆಲೆಯ ಪೆಟ್ಟಿಗೆಯಲ್ಲಿ ‘೧೨೫’ ಎಂದು ಹೊಡೆದರೆ ‘ಈಸ್‌ಡಿಜಿಟ್’ ಹೌದು, ಅಂಕಿಯೇ ಎನ್ನುತ್ತದೆ. ಪಠ್ಯದ ಮಾದರಿ ಹುಡುಕುವ ರೆಜೆಕ್ಸ್‌ನ ಅಂಕಿ ಗುರುತೂ ಒಪ್ಪುತ್ತದೆ. ಮುಂದಿನ ಸಾಲಿನಲ್ಲಿ ಪಠ್ಯವನ್ನು ಸಂಖ್ಯೆಯಾಗಿಸುವ ‘ಪಾರ್ಸ್’ ಫಾರ್ಮ್ಯಾಟ್ ಎಕ್ಸೆಪ್ಶನ್ ಎಸೆಯುತ್ತದೆ, ಏಕೆಂದರೆ ಅದಕ್ಕೆ 0ರಿಂದ 9 ಮಾತ್ರ ಗೊತ್ತು. ಪಾರ್ಸ್‌ಗೆ ಮುಂಚೆ ಒಂದೊಂದು ಕನ್ನಡ ಅಂಕಿಯನ್ನೂ ಬದಲಿಸಿಕೊಂಡರೆ ಆಯಿತು.

ಮುದ್ರಣದಲ್ಲಿ ಕಾಲಂಗಳು ಓರೆಕೋರೆಯಾದವು. ಹಳೆಯ ಕೋಡ್ ‘ಪ್ಯಾಡ್‌ರೈಟ್’ನಿಂದ ಖಾಲಿ ಜಾಗ ತುಂಬುತ್ತಿತ್ತು. ‘ಕನ್ನಡ’ ನಮಗೆ ಮೂರಕ್ಷರ, ಸ್ಟ್ರಿಂಗ್‌ನ ಉದ್ದ ಮಾತ್ರ 5. ಹೆಸರನ್ನು ‘ಸಬ್‌ಸ್ಟ್ರಿಂಗ್’ನಿಂದ ಕತ್ತರಿಸಿದರೆ ಒತ್ತಕ್ಷರ ನಡುವೆ ತುಂಡಾಗಿ ‘ಕನ್’ ಎಂದು ಉಳಿಯುತ್ತದೆ. ಅಕ್ಷರ ಎಣಿಸುವುದನ್ನೇ ಬಿಟ್ಟು ಪ್ರಿಂಟ್‌ಡಾಕ್ಯುಮೆಂಟ್‌ನಲ್ಲಿ ಆಯತಗಳನ್ನು ಹಾಕಿ ಬರೆದೆ. ಅಲ್ಲಿ ಅಳತೆಯ ಘಟಕ ಇಂಚಿನ ನೂರನೇ ಒಂದು ಭಾಗ. 80 ಮಿಲಿಮೀಟರ್ ಥರ್ಮಲ್ ಕಾಗದದಲ್ಲಿ ಮುದ್ರಣಕ್ಕೆ ಸಿಗುವುದು ಸುಮಾರು 72 ಮಿಲಿಮೀಟರ್, ಅಂದರೆ 283 ಘಟಕ. ಹೆಸರಿಗೆ 0ರಿಂದ 140, ಪ್ರಮಾಣ 180ರವರೆಗೆ, ದರ 225ರವರೆಗೆ, ಮೊತ್ತ 280ರವರೆಗೆ. ಸಂಖ್ಯೆಗಳೆಲ್ಲ ಬಲಕ್ಕೆ ಒತ್ತಿ.

ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಪ್ರೋಗ್ರಾಂ ಬೀಳುವ ರೋಗ ಮೊದಲಿನಿಂದಲೂ ಇತ್ತು, ಹೊಸ ಡಾಟ್‌ನೆಟ್ ಅದನ್ನು ವಾಸಿ ಮಾಡಲಿಲ್ಲ. ನೆನಪಿನ ಬಳಕೆ ನೋಡಿದರೆ ಏನೂ ಅನುಮಾನ ಬರುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನ ‘ಡೀಟೇಲ್ಸ್’ ಪುಟದಲ್ಲಿ ಕಾಲಂ ತಲೆಯ ಮೇಲೆ ಬಲಗುಂಡಿ ಒತ್ತಿ, ಯೂಸರ್ ಆಬ್ಜೆಕ್ಟ್ಸ್ (ಕಿಟಕಿ, ಬಟನ್‌ನಂಥವು) ಮತ್ತು ಜಿಡಿಐ ಆಬ್ಜೆಕ್ಟ್ಸ್ (ಚಿತ್ರ, ಫಾಂಟ್‌ನಂಥವು) ಕಾಲಂಗಳನ್ನು ಸೇರಿಸಿ ನೋಡಿ. ಒಂದು ಪ್ರೋಗ್ರಾಂಗೆ ವಿಂಡೋಸ್ ಇವನ್ನು ಡೀಫಾಲ್ಟಾಗಿ ತಲಾ 10,000 ಮಾತ್ರ ಕೊಡುತ್ತದೆ. ಬಿಲ್ ಮುಗಿದಾಗಲೆಲ್ಲ ಪರದೆ ಖಾಲಿ ಮಾಡಲು ಕೋಡ್ ‘ಕಂಟ್ರೋಲ್ಸ್.ಕ್ಲಿಯರ್’ ಕರೆಯುತ್ತಿತ್ತು. ಅದು ಪೆಟ್ಟಿಗೆ, ಬಟನ್‌ನಂಥ ಕಂಟ್ರೋಲ್‌ಗಳನ್ನು ಪ್ಯಾನೆಲ್‌ನಿಂದ ಹೊರಗೆ ಹಾಕುತ್ತದೆಯೇ ಹೊರತು ಡಿಸ್ಪೋಸ್ (ಪೂರ್ತಿ ಬಿಡುಗಡೆ) ಮಾಡುವುದಿಲ್ಲ. ಅವು ವಿನ್‌ಫಾರ್ಮ್ಸ್‌ನ ಒಂದು ಅಡಗು ಕಿಟಕಿಯಲ್ಲಿ ಹ್ಯಾಂಡಲ್ (ವಿಂಡೋಸ್ ಕೊಟ್ಟ ಗುರುತು) ಸಮೇತ ಕೂತಿರುತ್ತವೆ, ಬಳಸದ ನೆನಪನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಅವನ್ನು ಮುಟ್ಟುವುದಿಲ್ಲ. 15 ಸಾಲಿನ ಬಿಲ್, ಸಾಲಿಗೆ 4 ಕಂಟ್ರೋಲ್, ಅಂದರೆ ಬಿಲ್ಲಿಗೆ 60. ಲೆಕ್ಕ ಹಾಕಿದರೆ 166ನೇ ಬಿಲ್ಲಿನ ಆಸುಪಾಸಿನಲ್ಲಿ ‘ಎರರ್ ಕ್ರಿಯೇಟಿಂಗ್ ವಿಂಡೋ ಹ್ಯಾಂಡಲ್’ ಬರಲೇಬೇಕು. ಸಂತೆ ದಿನ ಬೇಗ ಬೀಳುತ್ತಿತ್ತು, ಅಮಾವಾಸ್ಯೆಗೆ ಬೀಳುತ್ತಿರಲಿಲ್ಲ!

ತಿದ್ದುವಾಗಲೂ ಒಂದು ಹಳ್ಳವಿದೆ. ಫಾರ್‌ಈಚ್ ಹಾಕಿ ಒಂದೊಂದನ್ನೇ ಡಿಸ್ಪೋಸ್ ಮಾಡಿದರೆ, ಡಿಸ್ಪೋಸ್ ಆದದ್ದು ತಾನಾಗಿಯೇ ಪಟ್ಟಿಯಿಂದ ಹೊರಬೀಳುವುದರಿಂದ ಒಂದು ಬಿಟ್ಟು ಒಂದು ಉಳಿಯುತ್ತದೆ. ಎಣಿಕೆ ಸೊನ್ನೆಯಾಗುವವರೆಗೆ ಮೊದಲನೆಯದನ್ನೇ ಡಿಸ್ಪೋಸ್ ಮಾಡುವ ವೈಲ್ ಲೂಪ್ ಹಾಕಿ. ಯುಪಿಐ ಕ್ಯೂಆರ್ ಚಿತ್ರಕ್ಕೆ ‘ಗೆಟ್‌ಎಚ್‌ಬಿಟ್‌ಮ್ಯಾಪ್’ ಕರೆದಿದ್ದ ಜಾಗದಲ್ಲಿ ಜಿಡಿಐ ಎಣಿಕೆ ಬಿಲ್ಲಿಗೊಂದರಂತೆ ಏರುತ್ತಿತ್ತು. ಅಲ್ಲಿ ಬಿಟ್‌ಮ್ಯಾಪನ್ನು ಡಿಸ್ಪೋಸ್ ಮಾಡಿದರೆ ಸಾಲದು, ವಿಂಡೋಸ್‌ನ ‘ಡಿಲೀಟ್‌ಆಬ್ಜೆಕ್ಟ್’ ಅನ್ನು ನಾವೇ ಕರೆಯಬೇಕು. ‘ಶೋಡೈಲಾಗ್’ನಿಂದ ತೆರೆದ ಫಾರಂಗಳಿಗೆ ಯೂಸಿಂಗ್ ಸುತ್ತಿ. ಸ್ಟ್ಯಾಟಿಕ್ ಈವೆಂಟ್‌ಗೆ ಕೊಂಡಿ ಹಾಕಿದ ಫಾರಂ ಮುಚ್ಚುವಾಗ ಕೊಂಡಿ ಬಿಡಿಸಿ, ಇಲ್ಲದಿದ್ದರೆ ಆ ಫಾರಂ ಕೊನೆವರೆಗೂ ಬದುಕಿರುತ್ತದೆ.

ವರ್ಷದ ವರದಿ ತೆಗೆಯುವಾಗ ಪರದೆ ಬಿಳಿಚಿಕೊಳ್ಳುತ್ತಿದ್ದುದಕ್ಕೆ ಹಳೆಯ ಕೋಡ್‌ನಲ್ಲಿ ‘ಡುಈವೆಂಟ್ಸ್’ ಹಾಕಿದ್ದರು. ಅದು ಪರದೆಯನ್ನು ಜೀವಂತ ಇಡುತ್ತದೆ ನಿಜ, ಆದರೆ ಅದೇ ಬಟನ್ನಿನ ಎರಡನೇ ಒತ್ತನ್ನೂ ಒಳಗೆ ಬಿಡುತ್ತದೆ, ವರದಿ ಎರಡು ಸಲ ಬರುತ್ತದೆ. ಕೆಲಸವನ್ನು ಹಿನ್ನೆಲೆಯಲ್ಲಿ ಓಡಿಸುವ ‘ಟಾಸ್ಕ್.ರನ್’ಗೆ ಹಾಕಿ, ಪರದೆ ತಡೆಯದೆ ಕಾಯುವಂತೆ ಅವೇಟ್ ಮಾಡಿದೆ, ಶುರುವಿಗೇ ಬಟನ್ ಮುಚ್ಚಿದೆ. ಪರದೆಯ ಥ್ರೆಡ್‌ನಲ್ಲಿ (ಪರದೆಯನ್ನು ನಡೆಸುವ ಎಳೆಯಲ್ಲಿ) ‘.ರಿಸಲ್ಟ್’ ಎಂದು ಕಾಯಲು ಹೋದರೆ ಪರದೆಯೂ ಆ ಕೆಲಸವೂ ಪರಸ್ಪರ ಕಾಯುತ್ತಾ ನಿಂತುಬಿಡಬಹುದು. ಬೇರೆ ಥ್ರೆಡ್‌ನಿಂದ ಕಂಟ್ರೋಲ್ ಮುಟ್ಟಿದರೆ ಬರುವ ಎಕ್ಸೆಪ್ಶನ್ನನ್ನು ಪರೀಕ್ಷೆ ಆಫ್ ಮಾಡಿ ಅಡಗಿಸುವ ಒಂದು ಸಾಲು ಎಲ್ಲೆಡೆ ಓಡಾಡುತ್ತಿದೆ. ನನ್ನ ಕೋಡಿಗೆ ಅದು ಬರಕೂಡದು.

ಪಿಡಿಎಫ್ ತೆರೆಯುವ ‘ಪ್ರೊಸೆಸ್.ಸ್ಟಾರ್ಟ್’ ಮುರಿಯಿತು. ‘ಯೂಸ್‌ಶೆಲ್‌ಎಕ್ಸಿಕ್ಯೂಟ್’ ಹಿಂದೆ ಡೀಫಾಲ್ಟಾಗಿ ಹೌದು, ಈಗ ಅಲ್ಲ. ಹೌದೆಂದು ಬರೆದರೆ ಸರಿಹೋಗುತ್ತದೆ.

ಅಂಗಡಿಯಲ್ಲಿ ಬಿದ್ದದ್ದನ್ನು ಇಲ್ಲಿ ಕೂತು ನೋಡಲು ಈವೆಂಟ್ ವ್ಯೂವರ್‌ಗಿಂತ ಒಳ್ಳೆಯ ಜಾಗವಿಲ್ಲ. ಅಪ್ಲಿಕೇಶನ್ ಲಾಗ್‌ನಲ್ಲಿ ಮೂಲ ‘ಡಾಟ್‌ನೆಟ್ ರನ್‌ಟೈಮ್’, ಸಂಖ್ಯೆ 1026 ಹುಡುಕಿದರೆ ಪೂರ್ತಿ ಸ್ಟ್ಯಾಕ್ (ಯಾವ ಕೋಡ್ ಯಾವುದನ್ನು ಕರೆಯಿತೆಂಬ ಪಟ್ಟಿ) ಸಿಗುತ್ತದೆ. ಕೋಡಿನ ಸಾಲುಗಳ ಗುರುತಿರುವ ಪಿಡಿಬಿ ಫೈಲ್ ಜೊತೆಗೇ ಕಳಿಸಿದ್ದರೆ ಸಾಲಿನ ಸಂಖ್ಯೆಯೂ ಇರುತ್ತದೆ. ಅದರ ಪಕ್ಕದ 1000 ಸಂಖ್ಯೆಯ ದಾಖಲೆಯಲ್ಲಿ ಎಕ್ಸೆಪ್ಶನ್ ಕೋಡ್ ನೋಡಿ: ಇ0434352 ಎಂದಿದ್ದರೆ ತಪ್ಪು ಡಾಟ್‌ನೆಟ್ ಕೋಡ್‌ನಿಂದ ಎದ್ದದ್ದು, ಸಿ0000005 ಎಂದಿದ್ದರೆ ಪ್ರಿಂಟರ್ ಡ್ರೈವರ್ ಅಥವಾ ಹಳೆಯ ಡಿಎಲ್‌ಎಲ್ ಮೇಲೆ ಮೊದಲ ಅನುಮಾನ.

ಕೊನೆಗೆ ಉಳಿದದ್ದು ಆಕ್ಸೆಸ್. ಆಕ್ಸೆಸ್ ಫೈಲನ್ನು ಓದಿಸುವ ಜೆಟ್ 4.0 ಪ್ರೊವೈಡರ್ 32 ಬಿಟ್‌ನಲ್ಲಿ ಮಾತ್ರ ಇದೆ. 64 ಬಿಟ್‌ನಲ್ಲಿ ಓಡಿಸಿದರೆ ಪ್ರೊವೈಡರ್ ರಿಜಿಸ್ಟರ್ ಆಗಿಲ್ಲ ಎನ್ನುತ್ತದೆ, ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿ ಪ್ರಯೋಜನವಿಲ್ಲ. ಪ್ಲಾಟ್‌ಫಾರಂ ಟಾರ್ಗೆಟನ್ನು ಎಕ್ಸ್86 (32 ಬಿಟ್) ಮಾಡಬೇಕು, ರನ್‌ಟೈಮ್ ಕೂಡ ಎಕ್ಸ್86ರದ್ದೇ ಹಾಕಬೇಕು. ಅದೂ ಹೆಸರಿನಲ್ಲಿ ‘ಡೆಸ್ಕ್‌ಟಾಪ್ ರನ್‌ಟೈಮ್’ ಎಂದಿರುವುದು, ಬರೀ ‘ರನ್‌ಟೈಮ್’ನಲ್ಲಿ ವಿನ್‌ಫಾರ್ಮ್ಸ್ ಇರುವುದಿಲ್ಲ. ಇಂಟರ್ನೆಟ್ ಸರಿಯಿಲ್ಲದ ಅಂಗಡಿಗೆ ನಾನು ಸೆಲ್ಫ್-ಕಂಟೇನ್ಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಕೊಟ್ಟೆ, ರನ್‌ಟೈಮ್ ಒಳಗೇ ಬರುತ್ತದೆ. ಗಾತ್ರ ನೂರು ಎಂಬಿ ದಾಟುತ್ತದೆ. ಟ್ರಿಮ್ಮಿಂಗ್ (ಬಳಸದ ಕೋಡ್ ಕತ್ತರಿಸುವುದು) ಹಾಕಿ ಇಳಿಸಲು ಹೋಗಬೇಡಿ, ವಿನ್‌ಫಾರ್ಮ್ಸ್‌ಗೆ ಅದರ ಬೆಂಬಲವಿಲ್ಲ, ಬಿಲ್ಡ್ ಅಲ್ಲೇ ನಿಲ್ಲುತ್ತದೆ. ದತ್ತಾಂಶದ ಫೈಲನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಿಂದ ಎತ್ತಿ ಲೋಕಲ್ ಆಪ್‌ಡೇಟಾ ಅಡಿಗೆ ಇಟ್ಟೆ. ಮೊದಲಿನ ಜಾಗದಲ್ಲಿ ಅಡ್ಮಿನ್ ಅಲ್ಲದ ಬಳಕೆದಾರರಿಗೆ ಬರೆಯುವ ಅನುಮತಿ ಇರುವುದಿಲ್ಲ.