ಮಿಡಿ ಉಪ್ಪಿಗೆ ಹಾಕಿ ಉಳಿಸಿಕೊಂಡ ಆಫೀಸಿನ ಗೆಳೆತನ

"ಆಫೀಸಿನವರನ್ನು ನೆಚ್ಚಿಕೊಳ್ಳಬೇಡಿ ಮೇಡಂ, ವರ್ಗ ಆದ ಮೇಲೆ ಯಾರಿಗೆ ಯಾರು?" 2016ರಲ್ಲಿ ಶಿರಸಿಯಿಂದ ಕಾರವಾರಕ್ಕೆ ಬಂದಾಗ ನಮ್ಮ ಸೂಪರಿಂಟೆಂಡೆಂಟರು ಹೇಳಿದ್ದರು. ನನಗೆ ಬೇರೆ ದಾರಿಯೇ ಇರಲಿಲ್ಲ. ಕೋಡಿಬಾಗದಲ್ಲಿ ಬಾಡಿಗೆ ಮನೆ, ಕೊಂಕಣಿ ಬಾರದು, ಶನಿವಾರ ಬಾಗಿಲು ಹಾಕಿಕೊಂಡರೆ ಸೋಮವಾರದವರೆಗೆ ಮಾತಿಗೆ ಜನವಿಲ್ಲ.

ಮೊದಲು ದುಡ್ಡು ಸುರಿದೆ. ಹುಟ್ಟುಹಬ್ಬದ ಕೇಕಿಗೆ ತಿಂಗಳಿಗೆ ತಲಾ ನೂರು ರೂಪಾಯಿ ಎತ್ತಿದೆ. ಒಬ್ಬರಿಗೆ ಒಂದು ಕೆಜಿ, ಇನ್ನೊಬ್ಬರಿಗೆ ಅರ್ಧ ಕೆಜಿ ಆಯಿತೆಂದು ಮನಸ್ತಾಪ. ಬಾಕಿ ಏಳೆಂಟು ನೂರು ನನ್ನ ಕೈಯಿಂದಲೇ ಹೋಯಿತು. 2018ರಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಟೆಂಪೋ ಮಾಡಿ ಹನ್ನೊಂದು ಜನರನ್ನು ಊರಿಗೆ ಕರೆದೊಯ್ದೆ. ಬಾಡಿಗೆ ಸುಮಾರು ಒಂಬತ್ತು ಸಾವಿರ, ಊಟ ನಮ್ಮನೆಯದೇ. ಜಾತ್ರೆಯಲ್ಲಿ ದೇವಿ ಕೂರುವ ಬಿಡಕಿಬೈಲಿನಲ್ಲಿ ದರ್ಶನ ಮುಗಿದದ್ದೇ ತಡ, ಎಲ್ಲ ಚದುರಿದರು. ಸೋಮವಾರ ಮತ್ತದೇ "ನಮಸ್ಕಾರ ಮೇಡಂ". ಟ್ಯಾಗೋರ್ ಕಡಲತೀರದ ವಾಕಿಂಗೂ ಅಷ್ಟೇ, ಯುದ್ಧನೌಕೆ ಮ್ಯೂಸಿಯಂ ದಾಟುವಷ್ಟರಲ್ಲಿ ಮಾತು ಫೈಲಿಗೆ ತಿರುಗುತ್ತಿತ್ತು.

ಉಪಚಾರ ಮಾಡಿದಷ್ಟೂ ಅವರು ನೆಂಟರಂತಾಗುತ್ತಿದ್ದರು. ಅದು ತಿಳಿದದ್ದು ಅಪ್ಪೆಮಿಡಿಯಿಂದ, ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿಯಿಂದ. ಎರಡು ವರ್ಷ ನಾನೇ ಉಪ್ಪಿನಕಾಯಿ ತಯಾರಿಸಿ ಹಂಚಿದ್ದೆ, ಖಾಲಿ ಬಾಟಲಿಯೂ ವಾಪಸು ಬರಲಿಲ್ಲ. 2019ರಲ್ಲಿ ಹಸಿ ಮಿಡಿಯ ಚೀಲವನ್ನೇ ಹೊತ್ತು ಸದಾಶಿವಗಡದ ಸಹೋದ್ಯೋಗಿಯ ಮನೆಗೆ ಹೋದೆ. "ನನ್ನಲ್ಲಿ ಜಾಗವಿಲ್ಲ ಅಕ್ಕಾ, ನಿಮ್ಮಲ್ಲೇ ಹಾಕೋಣವಾ?" ಅಂದೆ. ಕನ್ನಡ ಅಷ್ಟಾಗಿ ಬಾರದ ಅವರ ಅತ್ತೆ ಒಂದು ಮಿಡಿಯ ತೊಟ್ಟು ಮುರಿದರು, ಸೊನೆಯನ್ನು ಬೆರಳಿಗೆ ತಾಗಿಸಿ ಮೂಸಿದರು, ಆಮೇಲೆ ಬೆರಳನ್ನು ನನ್ನ ಮೂಗಿಗೆ ಹಿಡಿದರು. ಜೀರಿಗೆಯ ಪರಿಮಳ. ಸಂಜೆಯವರೆಗೆ ಒರೆಸಿ ಒರೆಸಿ ಕಲ್ಲುಪ್ಪಿನೊಂದಿಗೆ ಭರಣಿ ತುಂಬಿದೆವು. ಆಫೀಸಿನ ಸುದ್ದಿ ಒಂದೂ ಬರಲಿಲ್ಲ. ಮಿಡಿ ಚಿರುಟುವವರೆಗೆ ಭರಣಿ ಅಲ್ಲೇ ಇತ್ತು. ನೋಡುವ ನೆಪದಲ್ಲಿ ಎರಡು ವಾರಕ್ಕೆ ನಾಲ್ಕು ಸಲ ಹೋಗಿ ಬಂದೆ.

ಕೊರೋನಾದ ಎರಡು ವರ್ಷ ಬಿಟ್ಟು, ಆಮೇಲೆ ವರ್ಷಕ್ಕೊಂದು ಹೊಸ ಮನೆ. ಒಂದೇ ಸಲ ಎಲ್ಲರನ್ನೂ ಸೇರಿಸಬಾರದು. ಮುಂದಿನ ಮನೆ ಯಾವುದೆಂದು ಆರಿಸಲು ನನ್ನದೇ ಒಂದು ಉಪಾಯವಿದೆ, ಅದು ನನ್ನಲ್ಲೇ ಇರಲಿ. 2022ರಲ್ಲಿ ಉಪ್ಪು ಕಮ್ಮಿಯಾಗಿ ಮುನ್ನೂರು ಮಿಡಿ ಬೂಸಲು ಹಿಡಿಯಿತು. ಸಾವಿರದೈನೂರರಷ್ಟು ನಷ್ಟ, ಅರ್ಧವನ್ನು ಆ ಮನೆಯವರು ಕೇಳದೆಯೇ ಕೊಟ್ಟರು. ಕೇಕಿನ ನೂರಕ್ಕೆ ಸತಾಯಿಸಿದ್ದವರು ಇವರೇ! ನಡುವೆ ಹಲಸಿನ ಹಪ್ಪಳವನ್ನೂ ಮಾಡಿ ನೋಡಿದೆ. ಹಚ್ಚುವಾಗ ಎಲ್ಲರೂ ಇದ್ದರು, ಒಣಗಿಸಲು ಕಾದವಳು ನಾನೊಬ್ಬಳೇ. ಬಿಟ್ಟೆ.

ನಾಲ್ಕು ಮನೆಗಳಲ್ಲಿ ಎರಡು ವರ್ಗವಾಗಿ ಹಳಿಯಾಳ, ಭಟ್ಕಳ ಸೇರಿದವು. 2024ರ ಆಗಸ್ಟ್ 7ರ ನಸುಕಿನಲ್ಲಿ, ಕಾರವಾರವನ್ನು ಸದಾಶಿವಗಡಕ್ಕೆ ಕೂಡಿಸುತ್ತಿದ್ದ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಬೆಳಗಾಗುವಷ್ಟರಲ್ಲಿ ಎರಡೂ ಕಡೆಯಿಂದ ಫೋನ್, "ಸದಾಶಿವಗಡದವರು ಹುಷಾರಿದ್ದಾರಾ?" ನಾನು ಆಗಷ್ಟೇ ಅವರೊಂದಿಗೆ ಮಾತಾಡಿ ಇಟ್ಟಿದ್ದೆ.

ನಿವೃತ್ತರಾದ ಸೂಪರಿಂಟೆಂಡೆಂಟರು ಮೊನ್ನೆ ಫೋನ್ ಮಾಡಿದ್ದರು. "ಈ ಸಲ ಮಿಡಿ ನಮ್ಮನೇಲಿ ಹಾಕಿದ್ರೆ ಆಗ್ತದಾ ಮೇಡಂ?" ಭರಣಿ ತೊಳೆದು ಬಿಸಿಲಿಗಿಟ್ಟಿದ್ದೇನೆ.